ಗದ್ದಲವಿರುವ ಚಾನೆಲ್‌ನ ದೋಷದರವನ್ನು ಲೆಕ್ಕ ಹಾಕುವ ಬಗೆ

ಚಾನೆಲ್ ಎಂದರೆ ಮಾಹಿತಿ ಸಾಗುವ ಮಾರ್ಗ; ಗದ್ದಲದಿಂದಾಗಿ ಅದರಲ್ಲಿ ತಪ್ಪಾಗಿ ತಲುಪುವ ಬಿಟ್‌ಗಳ ಪ್ರಮಾಣವೇ ದೋಷದರ. ಮೊದಲು ಸಮಮಿತ ದ್ವಿಮಾನ ಚಾನೆಲ್ ಎಂಬ ಸರಳ ಮಾದರಿಯನ್ನು ತೆಗೆದುಕೊಳ್ಳಿ. ಇದರಲ್ಲಿ ಕಳುಹಿಸಿದ ಪ್ರತಿಯೊಂದು ಬಿಟ್, ಅದು 0 ಆಗಿರಲಿ 1 ಆಗಿರಲಿ, ಉಳಿದ ಬಿಟ್‌ಗಳಿಗೆ ಸಂಬಂಧವಿಲ್ಲದೆ ‘ಪ’ ಸಂಭವನೀಯತೆಯಿಂದ ಅದಲುಬದಲಾಗುತ್ತದೆ. ಪ = 0.5 ಆದಾಗ ಚಾನೆಲ್ ಸಂಪೂರ್ಣ ನಿಷ್ಪ್ರಯೋಜಕ. ಅದಕ್ಕಿಂತ ಹೆಚ್ಚಾದರೆ ಬಂದ ಬಿಟ್‌ಗಳನ್ನೆಲ್ಲ ತಿರುಗಿಸಿ ಓದಿದರೆ ಸಾಕು.

ಬಿಟ್ ದೋಷದರವನ್ನು ಮಾತ್ರ ನೋಡಿ ಸಮಾಧಾನಪಡಬಾರದು. ಪ = 0.001 ಇದ್ದಾಗ 1000 ಬಿಟ್‌ಗಳ ಫ್ರೇಮ್ (ಒಟ್ಟಿಗೆ ಕಳುಹಿಸುವ ಬಿಟ್‌ಗಳ ಗುಂಪು) ಅಖಂಡವಾಗಿ ತಲುಪುವ ಸಂಭವನೀಯತೆ 0.999ರ 1000ನೆಯ ಘಾತ, ಅಂದರೆ ಸುಮಾರು 0.37 ಮಾತ್ರ.

ಒಂದೇ ದೋಷದರ ‘ಪ’ ಇರುವ ಎರಡು ಚಾನೆಲ್‌ಗಳು ಒಂದರ ಹಿಂದೊಂದು ಬಂದಾಗ ದೋಷದರಗಳನ್ನು ನೇರವಾಗಿ ಕೂಡಿಸಬೇಡಿ. ಎರಡು ಕಡೆಯೂ ತಿರುಗಿದ ಬಿಟ್ ಮತ್ತೆ ಸರಿಯಾಗಿಬಿಡುವುದರಿಂದ ಒಟ್ಟು ದೋಷದರ 2ಪ(1 − ಪ) ಆಗುತ್ತದೆ; ಪ = 0.1 ಆದರೆ ಅದು 0.2 ಅಲ್ಲ, 0.18.

ಅದೇ 0.1ರ ಚಾನೆಲ್‌ನಲ್ಲಿ ಪ್ರತಿ ಬಿಟ್ಟನ್ನು ಮೂರು ಸಲ ಕಳುಹಿಸಿ ಬಹುಮತದಿಂದ ತೀರ್ಮಾನಿಸಿದರೆ, ಎರಡು ಅಥವಾ ಮೂರೂ ಪ್ರತಿಗಳು ಕೆಟ್ಟಾಗ ಮಾತ್ರ ತಪ್ಪಾಗುತ್ತದೆ: 3 × 0.01 × 0.9 + 0.001 = 0.028. ಇದಕ್ಕಾಗಿ ವೇಗವನ್ನು ಮೂರನೆಯ ಒಂದಕ್ಕೆ ಇಳಿಸುವುದು ದುಬಾರಿಯೇ ಸರಿ. ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ 1948ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಈ ಚಾನೆಲ್‌ನ ಸಾಮರ್ಥ್ಯ (ನಂಬಲರ್ಹವಾಗಿ ಸಾಗಿಸಬಹುದಾದ ಮಾಹಿತಿಯ ಮಿತಿ) ಪ್ರತಿ ಬಳಕೆಗೆ ಸುಮಾರು 0.53 ಬಿಟ್ ಇದ್ದು, ಅದಕ್ಕಿಂತ ಕಡಿಮೆಯ ಯಾವುದೇ ಮಾಹಿತಿ ದರದಲ್ಲಿ, ಸಾಕಷ್ಟು ಉದ್ದದ ಸಂಕೇತಗಳಿಂದ ದೋಷವನ್ನು ಬೇಕಾದಷ್ಟು ತಗ್ಗಿಸಬಹುದು.

ಅಳತೆಯಲ್ಲಿ ಒಂದೂ ದೋಷ ಕಾಣಲಿಲ್ಲವೆಂದು ದರವನ್ನು ಸೊನ್ನೆ ಎಂದು ಬರೆಯಬೇಡಿ. ಪರೀಕ್ಷಿಸಿದ ಬಿಟ್‌ಗಳ ಸಂಖ್ಯೆಯಿಂದ 3ನ್ನು ಭಾಗಿಸಿದರೆ ದೋಷದರಕ್ಕೆ 95% ವಿಶ್ವಾಸಮಟ್ಟದ ಮೇಲ್ಮಿತಿ ಸಿಗುತ್ತದೆ; ನಿಜವಾದ ದರ ಇದಕ್ಕಿಂತ ಹೆಚ್ಚಿದ್ದರೆ, ಒಂದೂ ದೋಷ ಕಾಣದಿರುವ ಸಾಧ್ಯತೆ ಸುಮಾರು 5%ಕ್ಕಿಂತ ಕಡಿಮೆ. ನೂರು ಕೋಟಿಗೆ ಒಂದಕ್ಕಿಂತ ಕಡಿಮೆ ಎಂದು ಹೇಳಬೇಕಾದರೆ ಕನಿಷ್ಠ 300 ಕೋಟಿ ಬಿಟ್‌ಗಳು ದೋಷವಿಲ್ಲದೆ ದಾಟಿರಬೇಕು.