ನಮ್ಮ ಲೈಬ್ರರಿಯಲ್ಲಿ ದೊಡ್ಡವರಿಗೆ ಗ್ರಾಫಿಕ್ ಕಾದಂಬರಿ ಓದಿಸಿದ್ದು ಹೀಗೆ

ನಮ್ಮ ಲೈಬ್ರರಿಗೆ ಬರುವ ದೊಡ್ಡವರಿಗೆ ಚಿತ್ರದ ಪುಸ್ತಕ ಅಂದರೆ ಬಾಲಮಂಗಳದ ಡಿಂಗ, ಇಲ್ಲವೇ ಅಮರ ಚಿತ್ರಕಥೆ. ಅದನ್ನು ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲೇ ಹುಟ್ಟಿದವರು, ಹಾಗಾಗಿ ಆ ನೆನಪಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗ್ರಾಫಿಕ್ ಕಾದಂಬರಿ, ಅಂದರೆ ಉದ್ದದ ಕಥೆಯನ್ನು ಚಿತ್ರಗಳಲ್ಲೇ ಹೇಳುವ ಪುಸ್ತಕ, ಕೈಗೆ ಕೊಟ್ಟರೆ ಎರಡು ಪುಟ ತಿರುವಿ, "ಇದು ಮೊಮ್ಮಗನಿಗೆ ಸರಿ ಮೇಡಂ" ಅಂತ ವಾಪಸ್ ಇಡುತ್ತಿದ್ದರು.

ನಾನು ಮೊದಲು ಕೈ ಹಾಕಿದ್ದು ಕಪಾಟಿಗೆ. ಲೈಬ್ರರಿ ಪುಸ್ತಕಗಳನ್ನು ವಿಷಯದ ಪ್ರಕಾರ ನಂಬರ್ ಕೊಟ್ಟು ಜೋಡಿಸುವ ಡ್ಯೂಯಿ ವರ್ಗೀಕರಣದಲ್ಲಿ ಕಾಮಿಕ್ಸ್‌ನ ನಂಬರ್ 741.5. ಅಂದರೆ ಚಿತ್ರ ಬಿಡಿಸುವುದನ್ನು ಕಲಿಸುವ ಪುಸ್ತಕಗಳ ಪಕ್ಕದಲ್ಲಿ ಹೋಗಿ ಕೂರುತ್ತವೆ. ಕಥೆ ಹುಡುಕುವವರು ಅಲ್ಲಿಗೆ ಯಾಕೆ ಹೋಗುತ್ತಾರೆ, ಅಲ್ವಾ? ನಂಬರ್ ಹಾಗೇ ಬಿಟ್ಟು ಜಾಗ ಮಾತ್ರ ಬದಲಿಸಿದೆ. 'ಮೌಸ್' ಎರಡನೇ ಮಹಾಯುದ್ಧದ ಸಾಲಿಗೆ ಹೋಯಿತು, 'ಭೀಮಾಯಣ' ಅಂಬೇಡ್ಕರ್ ಪುಸ್ತಕಗಳ ಸಾಲಿಗೆ, ಎರಡೂ ಮುಖಪುಟ ಕಾಣುವ ಹಾಗೆ. ಯುದ್ಧದ ಇತಿಹಾಸ ಓದುವವರು ತಾವಾಗಿಯೇ 'ಮೌಸ್' ಎತ್ತಿಕೊಂಡರು. ಯಹೂದಿಗಳು ಇಲಿಗಳು, ನಾಜಿಗಳು ಬೆಕ್ಕುಗಳು, ಹೇಳುವುದು ಮಾತ್ರ ಆರ್ಟ್ ಸ್ಪೀಗೆಲ್‌ಮನ್ ಅವರ ಸ್ವಂತ ತಂದೆಯ ಕಥೆ. ಅನುಮಾನ ಪಡುವವರಿಗೆ "ಇದಕ್ಕೆ 1992ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂದಿದೆ" ಅಂತ ಹೇಳಿಬಿಡುತ್ತೇನೆ. ಕೆಲವರಿಗೆ ಅಷ್ಟು ಸಾಕಾಗುತ್ತದೆ.

ಇಂಗ್ಲಿಷ್ ಇನ್ನೊಂದು ಅಡ್ಡಿ. ಕನ್ನಡ ಮಾತ್ರ ಓದುವವರಿಗೆ ನಾನು ಕೊಡುವುದು ಶಾನ್ ಟ್ಯಾನ್ ಅವರ 'ದಿ ಅರೈವಲ್'. ಹೆಂಡತಿ ಮಗಳನ್ನು ಬಿಟ್ಟು ಗೊತ್ತಿಲ್ಲದ ದೇಶಕ್ಕೆ ದುಡಿಯಲು ಹೋಗುವವನ ಕಥೆ. ಇಡೀ ಪುಸ್ತಕದಲ್ಲಿ ಮಾತೇ ಇಲ್ಲ. ಆ ದೇಶದ ಬೋರ್ಡುಗಳ ಲಿಪಿ ಕೂಡ ಕಲ್ಪನೆಯದು, ಹಾಗಾಗಿ ಇಂಗ್ಲಿಷ್ ಬಲ್ಲವರಿಗೂ ಬಾರದವರಿಗೂ ಅಲ್ಲಿ ಒಂದೇ ಪಾಡು. ಊರು ಬಿಟ್ಟು ಬಂದವರು ಇದನ್ನು ಹಿಡಿದರೆ ಬೇಗ ಕೆಳಗಿಡುವುದಿಲ್ಲ.

ನಿಜವಾಗಿ ಕಷ್ಟವಾದದ್ದು ನಿಧಾನವಾಗಿ ಓದಿಸುವುದು. ಕಾದಂಬರಿ ಓದಿ ಅಭ್ಯಾಸ ಇರುವವರು ಬರೀ ಮಾತಿನ ಗುಳ್ಳೆಗಳನ್ನು ಓದಿಕೊಂಡು ಓಡುತ್ತಾರೆ. ಅರ್ಧ ಗಂಟೆಯಲ್ಲಿ "ಮುಗೀತು, ಇಷ್ಟೇನಾ?" ಅಂತ ಬರುತ್ತಾರೆ. ಅಂಥವರ ಜೊತೆ ಕೂತು 'ಭೀಮಾಯಣ'ದ ಒಂದೆರಡು ಪುಟ ನೋಡುತ್ತೇನೆ. ಅದರ ಚಿತ್ರ ಬಿಡಿಸಿದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಗೊಂಡ ಬುಡಕಟ್ಟಿನ ಕಲಾವಿದರು, ಪಾತ್ರಗಳನ್ನು ಚೌಕಗಳೊಳಗೆ ಕೂಡಿಹಾಕಲು ಒಪ್ಪದವರು. ನಾನು ಅರ್ಥ ಹೇಳುವುದಿಲ್ಲ. "ಈ ಗುಳ್ಳೆಗೆ ಬಾಲ ಯಾಕಿದೆ ನೋಡಿ" ಅಂತ ಮಾತ್ರ ಕೇಳುತ್ತೇನೆ. ಮೆದುವಾಗಿ ಮಾತಾಡುವವರ ಗುಳ್ಳೆ ಹಕ್ಕಿಯ ಆಕಾರದಲ್ಲಿರುತ್ತದೆ, ಬಾಲಕ ಭೀಮನಿಗೆ, ಅಂದರೆ ಪುಟ್ಟ ಅಂಬೇಡ್ಕರ್‌ಗೆ, ನೀರು ಕೊಡದವರಂಥವರ ಮಾತಿಗೆ ಚೇಳಿನ ಕೊಂಡಿ ಇರುತ್ತದೆ. ಇದು ಕಣ್ಣಿಗೆ ಬಿದ್ದ ಮೇಲೆ ಅವರೇ ಮೊದಲ ಪುಟಕ್ಕೆ ಹಿಂದಿರುಗುತ್ತಾರೆ. ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಜಪಾನಿನ ಕಾಮಿಕ್ಸ್ ಆದ ಮಾಂಗಾ ಬಗ್ಗೆ ನಾನು ಜಾಸ್ತಿ ಏನೂ ಮಾಡಲಿಲ್ಲ. ಬಲದಿಂದ ಎಡಕ್ಕೆ ಓದಬೇಕು ಅನ್ನುವುದನ್ನು ಹೈಸ್ಕೂಲು ಹುಡುಗರೇ ದೊಡ್ಡವರಿಗೆ ಹೇಳಿಕೊಡುತ್ತಾರೆ. ಒಂದೇ ಮಾತು: ಸರಣಿಯ ಎಲ್ಲ ಸಂಪುಟ ಕೊಳ್ಳಲು ದುಡ್ಡಿಲ್ಲದಿದ್ದರೆ ಸುಮ್ನೆ ಶುರು ಮಾಡಬೇಡಿ, ನಡುವಿನದ್ದು ಇಲ್ಲ ಅಂತ ದಿನಾ ಬೈಸಿಕೊಳ್ಳಬೇಕಾಗುತ್ತದೆ.

ವಯಸ್ಸಿನ ವಿಷಯದಲ್ಲಿ ಮಾತ್ರ ಹುಷಾರು. 'ಪರ್ಸೆಪೊಲಿಸ್'ನಲ್ಲಿ ಕಥೆ ಹೇಳುವವಳು ಪುಟ್ಟ ಹುಡುಗಿ, ಚಿತ್ರಗಳೂ ಸರಳ. ಒಳಗೆ 1979ರ ಇರಾನ್ ಕ್ರಾಂತಿ, ಜೈಲು, ಚಿತ್ರಹಿಂಸೆ ಎಲ್ಲ ಇದೆ. ಅದನ್ನು ಮಕ್ಕಳ ಕೋಣೆಯಲ್ಲಿ ಇಡುವುದಿಲ್ಲ. ಯಾರಾದರೂ ಆಕ್ಷೇಪ ಎತ್ತಿದರೆ ವಾದಕ್ಕೆ ಇಳಿಯುವ ಮೊದಲು ಪೂರ್ತಿ ಓದಿ ಬನ್ನಿ ಅನ್ನುತ್ತೇನೆ.

ಇನ್ನು, ಇಂಥ ಪುಸ್ತಕದ ಹೊಲಿಗೆ ಬಿಚ್ಚಿದಾಗ ಬೈಂಡಿಂಗ್‌ನವರಿಗೆ ಸುಮ್ಮನೆ ಕೊಟ್ಟುಬಿಡಬೇಡಿ. ಅವರು ಅಂಚು ಕತ್ತರಿಸಿ, ಒಳಗಿನಿಂದ ಬಿಗಿಯಾಗಿ ಹೊಲಿದರೆ ಎರಡು ಪುಟಕ್ಕೆ ಹರಡಿದ ಚಿತ್ರದ ನಡುಭಾಗವೇ ಮಾಯ. ನಾನು ಎದುರಿಗೆ ನಿಂತು ಪುಟ ಬಿಡಿಸಿ ತೋರಿಸಿಯೇ ಕೊಡುವುದು.