ದಾವಣಗೆರೆಯಲ್ಲೇ ಸಿವಿಎಸ್: ನನ್ನ ಅನುಭವ

ಥಲಸ್ಸೀಮಿಯಾ (ಅಪ್ಪ ಅಮ್ಮನಿಂದ ಬರೋ ರಕ್ತದ ಕಾಯಿಲೆ) ಕೇಸುಗಳಿಗೆ ಇಲ್ಲೇ ಸಿವಿಎಸ್, ಅಂದ್ರೆ ಹೊಟ್ಟೇಲಿರೋ ಮಗುವಿಗೆ ಕಾಯಿಲೆ ಇದೆಯಾ ಅಂತ ನೋಡೋಕೆ ಪ್ಲಾಸೆಂಟಾದ (ಮಾಸಿನ) ಚೂರು ಸೂಜಿಯಲ್ಲಿ ತೆಗೆಯೋದು, ಮಾಡ್ತೀನಿ ಅಂದಾಗ ನಮ್ಮ ಸೀನಿಯರ್ ಮೇಡಂ ಒಬ್ರು "ಯಾಕಪ್ಪಾ ಇಲ್ಲದ ಉಸಾಬರಿ, ಬೆಂಗಳೂರಿಗೆ ಬರ್ದು ಕಳ್ಸು" ಅಂದಿದ್ರು. ಈಗ ಅವರೇ ಪೇಶೆಂಟ್ ಕಳಿಸ್ತಾರೆ, ಅದಕ್ಕೇ ಧೈರ್ಯವಾಗಿ ಬರೀತಿದೀನಿ.

ಬೆಂಗಳೂರಿಗೆ ಬರ್ಕೊಟ್ರೆ ಅರ್ಧ ಜನ ಹೋಗ್ತಾನೇ ಇರ್ಲಿಲ್ಲ. ಹೋದೋರೂ ದುಡ್ಡು ಹೊಂದಿಸ್ಕೊಂಡು, ಅತ್ತೆ ಮಾವನ್ನ ಒಪ್ಪಿಸಿ, 17-18 ವಾರಕ್ಕೆ ಆಮ್ನಿಯೋ (ಗರ್ಭದ ನೀರು ತೆಗೆದು ಮಾಡೋ ಪರೀಕ್ಷೆ) ಮಾಡಿಸ್ಕೊಂಡು ರಿಪೋರ್ಟ್ ಕೈಗೆ ಬರೋ ಹೊತ್ತಿಗೆ ಮಗು ಒದೆಯೋಕೆ ಶುರು ಮಾಡಿರೋದು. ಗರ್ಭಪಾತದ ಕಾನೂನಲ್ಲಿ 2021ರ ನಂತರ 24 ವಾರ, ಮೆಡಿಕಲ್ ಬೋರ್ಡ್ ಅಂತೆಲ್ಲ ದಾರಿ ಇದೆ, ಆದ್ರೆ ಆ ತಾಯಿ ಮುಂದೆ ಕೂತು ಮಾತಾಡೋದು ನಾವೇ ತಾನೆ.

ಶುರುವಿನ ಕೇಸುಗಳು ಸಾಲಾಗಿ ಮಕಾಡೆ ಮಲಗಿದ್ವು. 18 ಗೇಜ್ ಸ್ಪೈನಲ್ ಸೂಜಿ ಸರಿಯಾಗೇ ಹೋಗ್ತಿತ್ತು, ಸಿರಿಂಜಲ್ಲಿ ಟಿಶ್ಯೂನೂ ಕಾಣ್ತಿತ್ತು, ರಾತ್ರಿ ಬಸ್ಸಿಗೆ ಹಾಕಿ ಕಳಿಸಿದ್ರೆ ಲ್ಯಾಬಿಂದ "ಮೆಟರ್ನಲ್ ಕಂಟಾಮಿನೇಷನ್, ರಿಪೀಟ್" (ತಾಯಿಯ ಟಿಶ್ಯೂ ಬೆರೆತಿದೆ, ಮತ್ತೆ ಕಳಿಸಿ) ಅಂತ ಮೆಸೇಜು. ಎಂಟ್ಹತ್ತು ಸಾವಿರ ಚಾರ್ಜು, ವಾಪಸ್ ಕೊಡಲ್ಲ. ಎರಡನೇ ಸಲದ್ದು ನನ್ನ ಜೇಬಿಂದಾನೇ ಹೋಗಿದ್ದೂ ಇದೆ. ಎಲ್ರೂ ಬಸ್ಸನ್ನ ಬೈದ್ರು, ಐಸ್ ಪ್ಯಾಕ್ ಇಡು, ಮೀಡಿಯಂ ಬದಲಾಯಿಸು ಅಂತ. ಕ್ಯಾರಿಯೋಟೈಪಿಗಾದ್ರೆ (ಕ್ರೋಮೋಸೋಮ್ ನೋಡೋ ಪರೀಕ್ಷೆ) ಜೀವಂತ ಸೆಲ್ ಬೇಕು, ಒಪ್ತೀನಿ, ಮ್ಯುಟೇಷನ್ (ಜೀನಿನ ದೋಷ) ನೋಡೋಕೆ ಡಿಎನ್‌ಎ ಸಾಕು, ಅದು ಒಂದು ರಾತ್ರಿಗೆಲ್ಲ ಕೆಡಲ್ಲ. ಕಾಟ ಕೊಡ್ತಿದ್ದಿದ್ದು ಜೊತೆಗೆ ಬರೋ ತಾಯಿಯ ಡೆಸಿಡುವಾ, ಅಂದ್ರೆ ಗರ್ಭಕೋಶದ ಒಳಪದರ.

ಹಳೇ ಡಿಸೆಕ್ಟಿಂಗ್ ಮೈಕ್ರೋಸ್ಕೋಪ್ ಒಂದನ್ನ ಹನ್ನೆರಡು ಸಾವಿರಕ್ಕೋ ಏನೋ ತಂದು ಪ್ರೊಸೀಜರ್ ರೂಮಲ್ಲೇ ಇಟ್ಟೆ. ಪೆಟ್ರಿ ಡಿಶ್‌ನಲ್ಲಿ ಸಲೈನ್ ಹಾಕಿ ತೇಲಿಬಿಟ್ರೆ ವಿಲ್ಲೈ (ನಮಗೆ ಬೇಕಾದ ಪ್ಲಾಸೆಂಟಾದ ಎಳೆಗಳು) ಬೆಳ್ಳಗೆ, ಸಬ್ಬಸಿಗೆ ಸೊಪ್ಪಿನ ಎಳೆ ಥರ ಕವಲೊಡ್ಕೊಂಡು, ತುದಿಯಲ್ಲಿ ಪುಟ್ಟ ಮೊಗ್ಗುಗಳ ಸಮೇತ ಕಾಣುತ್ತೆ. ಡೆಸಿಡುವಾಗೆ ಕವಲಿಲ್ಲ, ಮುದ್ದೆಮುದ್ದೆ. ಎರಡು ಸಣ್ಣ ಫೋರ್ಸೆಪ್ಸ್ ಹಿಡ್ಕೊಂಡು ಇಪ್ಪತ್ತು ನಿಮಿಷ ಬಿಡಿಸ್ಬೇಕು, ಕುತ್ತಿಗೆ ಹಿಡ್ಕೊಳುತ್ತೆ, ಟೆಕ್ನಿಷಿಯನ್‌ಗೆ ಬಿಡಲ್ಲ ನಾನು. ಅದಾದ್ಮೇಲೆ ರಿಪೀಟ್ ಮೆಸೇಜ್ ಬಂದಿದ್ದೇ ಅಪರೂಪ.

ಇನ್ನೊಂದು, ಗಂಡ ಹೆಂಡತಿ ಇಬ್ಬರ ಮ್ಯುಟೇಷನ್ನೂ ಗೊತ್ತಾಗದೆ ಸೂಜಿ ಮುಟ್ಟಲ್ಲ. ನಮ್ಮ ದೇಶದಲ್ಲಿ ಜಾಸ್ತಿ ಸಿಗೋದು ಐವಿಎಸ್ 1-5 ಅನ್ನೋ ಮ್ಯುಟೇಷನ್, ಸೋದರಮಾವನ ಸಂಬಂಧ ಆದ್ರೆ ಎಷ್ಟೋ ಸಲ ಇಬ್ಬರಿಗೂ ಒಂದೇ. ಏನು ಹುಡುಕ್ಬೇಕು ಅಂತ ಲ್ಯಾಬಿಗೆ ಮೊದ್ಲೇ ಗೊತ್ತಿದ್ರೆ ವಾರದೊಳಗೆ ರಿಪೋರ್ಟು. 11 ವಾರ ತುಂಬಿದ ಮೇಲೆ ಮಾಡ್ತೀನಿ, 10ಕ್ಕೆ ಮುಂಚೆ ಮಾಡಿದ್ರೆ ಕೈಕಾಲಿನ ದೋಷ ವರದಿಯಾಗಿದೆ, ಯಾರು ಎಷ್ಟೇ ಅವಸರ ಮಾಡಿದ್ರೂ ಕೇಳಲ್ಲ. ಪ್ಲಾಸೆಂಟಾ ಹಿಂದೆ ಇದ್ರೆ ಬ್ಲ್ಯಾಡರ್ ತುಂಬಿಸಿ ಖಾಲಿ ಮಾಡಿಸಿ ನೋಡ್ತೀನಿ, ಆಮೇಲೆ ಪ್ರೋಬ್ ಜೊತೆ ಒಂದು ಕೈಚಳಕ ಇದೆ, ಅದು ಬಂದು ನೋಡಿದೋರಿಗೆ ಮಾತ್ರ.

ರಿಪೋರ್ಟಲ್ಲಿ ಮೇಜರ್ (ಥಲಸ್ಸೀಮಿಯಾದ ತೀವ್ರ ರೂಪ) ಅಂತ ಬಂದ್ರೆ ಎಲ್ರೂ ಕೇಳೋದು, "ಸಾರ್, ಹೊಟ್ಟೇಲಿರುವಾಗ್ಲೇ ಸ್ಟೆಮ್ ಸೆಲ್ ಹಾಕಿ ಸರಿ ಮಾಡಕ್ಕಾಗಲ್ವಾ?" ಸ್ಯಾನ್ ಫ್ರಾನ್ಸಿಸ್ಕೋದ ಯುಸಿಎಸ್‌ಎಫ್‌ನಲ್ಲಿ ಟಿಪ್ಪಿ ಮೆಕೆಂಜಿ ತಂಡ ಟ್ರಯಲ್‌ನಲ್ಲಿ ಕೊಟ್ಟಿದೆ, ಆದ್ರೆ ಅದು ಆಲ್ಫಾ ಮೇಜರ್ ಅನ್ನೋ ಬೇರೆ ಥರದ ಥಲಸ್ಸೀಮಿಯಾಗೆ. ಆ ಮಕ್ಕಳಿಗೆ ಗರ್ಭದಲ್ಲೇ ರಕ್ತ ಹಾಕ್ಬೇಕು, ಅದರ ಜೊತೆಗೇ ತಾಯಿಯ ಬೋನ್ ಮ್ಯಾರೋ ಸೆಲ್ಲೂ ಹೋಗುತ್ತೆ. ಬೇರೆಯವರದ್ದು ಕೊಟ್ರೆ ತಾಯಿಯ ಇಮ್ಯುನಿಟಿಯೇ ತಗಾದೆ ತೆಗೆಯುತ್ತೆ. ನಮ್ಮ ಬೀಟಾ ಥಲಸ್ಸೀಮಿಯಾ ಮಕ್ಕಳು ಫೀಟಲ್ ಹೀಮೋಗ್ಲೋಬಿನ್ (ಗರ್ಭದಲ್ಲಿರುವಾಗಿನ ಬೇರೆ ಹೀಮೋಗ್ಲೋಬಿನ್) ದೆಸೆಯಿಂದ ಒಳಗೆ ಆರಾಮಾಗೇ ಇರ್ತಾವೆ, ರೋಗ ಕಾಣೋದೇ ಹುಟ್ಟಿದ ಮೇಲೆ. ತೊಂಬತ್ತರ ದಶಕದಲ್ಲಿ ಎಸ್‌ಸಿಐಡಿ ಅನ್ನೋ ಕಾಯಿಲೆಯ ಮಗುವಿಗೆ ಹೊಟ್ಟೇಲಿರುವಾಗ್ಲೇ ಅಪ್ಪನ ಮ್ಯಾರೋ ಕೊಟ್ಟು ಗೆದ್ದಿದ್ದು ಆ ಮಗುವಿಗೆ ಇಮ್ಯುನಿಟಿನೇ ಇರ್ಲಿಲ್ಲ ಅಂತ, ಹೊಸ ಸೆಲ್ಲಿಗೆ ಜಾಗ ಸಿಕ್ತು. ಯಾರಾದ್ರೂ ದುಡ್ಡು ತಗೊಂಡು ಇಲ್ಲೇ ಮಾಡ್ಕೊಡ್ತೀವಿ ಅಂದ್ರೆ ಐಸಿಎಂಆರ್ (ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಸ್ಟೆಮ್ ಸೆಲ್ ಗೈಡ್‌ಲೈನ್ ತೋರ್ಸಿ.

ಸ್ಟೆಮ್ ಸೆಲ್ ಕಡೆ ನಾನು ಮಾಡಿ ನೋಡ್ತಿರೋದು ಇಷ್ಟೇ. ಮನೇಲಿ ಮೇಜರ್ ಇರೋ ದೊಡ್ಡ ಮಗು ಇದ್ದು, ಹೊಟ್ಟೇಲಿರೋದು ಚೆನ್ನಾಗಿದ್ರೆ, ಇದರ ಸ್ಟೆಮ್ ಸೆಲ್ ದೊಡ್ಡದಕ್ಕೆ ಹೊಂದುತ್ತಾ ಅಂತ ಉಳಿದ ಡಿಎನ್‌ಎಯಲ್ಲೇ ಎಚ್‌ಎಲ್‌ಎ (ಟಿಶ್ಯೂ ಹೊಂದಾಣಿಕೆ) ಕೂಡ ನೋಡಿಸ್ತೀನಿ. ನಾಲ್ಕರಲ್ಲೊಂದು ಹೊಂದಬೇಕು, ನನಗೆ ಬಹಳ ದಿನ ಒಂದೂ ಹೊಂದಿರ್ಲಿಲ್ಲ. ಈಗ ಹರಿಹರದ ಕಡೆಯವರದ್ದು ಒಂದು ಫುಲ್ ಮ್ಯಾಚ್ ಬಂದಿದೆ, ಹೆರಿಗೆ ಮುಂದಿನ ತಿಂಗಳು, ಕಾರ್ಡ್ ಬ್ಲಡ್ (ಹೊಕ್ಕುಳಬಳ್ಳಿಯ ರಕ್ತ) ಹಿಡಿಯೋ ಕಿಟ್ ತರಿಸಿಟ್ಟಿದೀನಿ. ಪ್ರಮಾಣ ಸಾಲದಿದ್ರೆ ಆಮೇಲೆ ಮ್ಯಾರೋನೂ ಸೇರಿಸ್ಬೇಕಾಗುತ್ತೆ ಅಂತ ಟ್ರಾನ್ಸ್‌ಪ್ಲಾಂಟ್ ಮಾಡೋರು ಹೇಳಿದಾರೆ.