ಕಾಡಂಚಿನ ಶಾಲೆಗೂ ಆಸ್ಪತ್ರೆಗೂ ನೆರವಾಗುವ ಬಗೆ

ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ಅಲ್ಲಿನ ಬುಡಕಟ್ಟು ಜನರಾದ ಸೋಲಿಗರಿಗಾಗಿ ಆರಂಭಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, ಮೈಸೂರಿನ ವೈದ್ಯ ವಿದ್ಯಾರ್ಥಿಗಳು ಡಾ. ಆರ್. ಬಾಲಸುಬ್ರಹ್ಮಣ್ಯಂ ಅವರ ಮುಂದಾಳತ್ವದಲ್ಲಿ 1984ರಲ್ಲಿ ಕಟ್ಟಿ, ಮುಂದೆ ಹೆಗ್ಗಡದೇವನಕೋಟೆಯ ಹಾಡಿಗಳ (ಬುಡಕಟ್ಟು ಜನರ ಊರುಗಳ) ನಡುವೆ ನೆಲೆಯೂರಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಕೂಡ ಶಾಲೆ ಮತ್ತು ಆಸ್ಪತ್ರೆ ಎರಡನ್ನೂ ಜೊತೆಜೊತೆಗೇ ಬೆಳೆಸಿದ ಸಂಸ್ಥೆಗಳು. ಇವು ನಾಡಿಗೆಲ್ಲ ಪರಿಚಿತವಾದವು. ಇದೇ ಹಾದಿಯಲ್ಲಿ ನಡೆದು, ತಾಲ್ಲೂಕಿನಾಚೆ ಹೆಸರೇ ಕೇಳಿಸದ ಚಿಕ್ಕ ಟ್ರಸ್ಟ್‌ಗಳೂ ಇವೆ. ಅಂಥದೊಂದು ಸಂಸ್ಥೆಗೆ ಕೈಲಾದಷ್ಟು ನೆರವಾಗಬೇಕೆಂದು ಬಯಸುವವರು ಹೇಗೆ ಮುಂದುವರಿಯಬೇಕೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ಶಾಲೆಗೂ ಆಸ್ಪತ್ರೆಗೂ ಇರುವ ನಂಟನ್ನು ಮೊದಲು ಅರಿತುಕೊಳ್ಳಬೇಕು. ನೆರವಿನ ಹಣ ಎಲ್ಲಿಗೆ ಹೋಗಬೇಕೆಂಬುದನ್ನು ತೀರ್ಮಾನಿಸುವುದು ಅದೇ. ಸೋಲಿಗರೂ ಸೇರಿದಂತೆ ನಮ್ಮ ಕಾಡಂಚಿನ ಕೆಲವು ಸಮುದಾಯಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಕಾಣಿಸಿಕೊಳ್ಳುತ್ತದೆ. ಇದು ಹುಟ್ಟಿನಿಂದ ಬರುವ ಕಾಯಿಲೆ. ಫೋಲಿಕ್ ಆಸಿಡ್, ಅಗತ್ಯವಿದ್ದವರಿಗೆ ಹೈಡ್ರಾಕ್ಸಿಯೂರಿಯಾ, ಹೀಗೆ ಮಾತ್ರೆಗಳನ್ನು ವರ್ಷಗಟ್ಟಲೆ ತಪ್ಪದೆ ನುಂಗಬೇಕಾಗುತ್ತದೆ. ಹಾಸ್ಟೆಲಿನಲ್ಲಿದ್ದಾಗ ವಾರ್ಡನ್ ಎದುರಿಗೇ ಮಾತ್ರೆ ನುಂಗುವ ಮಗು ಬೇಸಿಗೆ ರಜೆಗೆಂದು ಪೋಡಿಗೆ (ಸೋಲಿಗರ ಊರಿಗೆ) ಹೋದರೆ ಅಲ್ಲಿ ಕೇಳುವವರಿರುವುದಿಲ್ಲ. ಮಾತ್ರೆ ಮುಗಿದ ಮೇಲೆ ಮೈಕೈ ನೋವು ಹೆಚ್ಚಿ ಮಲಗಿದ ಮಗು ಜೂನ್‌ನಲ್ಲಿ ಶಾಲೆಗೆ ಬರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರುಹಾಜರಿಯಾಗಿ ದಾಖಲಾಗುತ್ತದೆ. ಈ ಕೊಂಡಿ ಕಳಚದಂತೆ ನೋಡಿಕೊಳ್ಳುವುದು ಹೊಸ ಕಟ್ಟಡವಲ್ಲ, ರಜೆಯಲ್ಲೂ ಪೋಡಿನಿಂದ ಪೋಡಿಗೆ ನಡೆಯುವ ಆರೋಗ್ಯ ಕಾರ್ಯಕರ್ತೆ ಮತ್ತು ಆಕೆಯನ್ನು ಕರೆದೊಯ್ಯುವ ಜೀಪು.

ಆದ್ದರಿಂದ ನನ್ನ ಮೊದಲ ಸಲಹೆಯೆಂದರೆ, ಪ್ರತಿ ತಿಂಗಳೂ ಬಂದೇ ಬರುವ ಖರ್ಚಿಗೆ ಹಣ ಕೊಡಿ. ಗೋಡೆಯ ಮೇಲೆ ಹೆಸರು ಕೆತ್ತಿಸುವ ಅವಕಾಶವಿರುವ ಕೊಠಡಿಗೆ ದಾನಿಗಳು ಹೇಗೋ ದೊರೆಯುತ್ತಾರೆ; ನರ್ಸ್‌ನ ಸಂಬಳ, ಜೀಪಿನ ಡೀಸೆಲ್ಲು, ಪ್ರಯೋಗಾಲಯದ ರಾಸಾಯನಿಕ, ಔಷಧಿ ಇಡುವ ಫ್ರಿಜ್ಜನ್ನು ಕರೆಂಟು ಹೋದಾಗಲೂ ನಡೆಸುವ ಇನ್ವರ್ಟರಿನ ಬ್ಯಾಟರಿ ಇವುಗಳಿಗೆ ದೊರೆಯುವುದಿಲ್ಲ. ವರ್ಷಕ್ಕೊಮ್ಮೆ 24,000 ರೂಪಾಯಿ ಕೊಡುವುದಕ್ಕಿಂತ ತಿಂಗಳಿಗೆ 2,000 ರೂಪಾಯಿಯಂತೆ ಬ್ಯಾಂಕಿನಿಂದ ತಾನಾಗಿ ಹೋಗುವ ವ್ಯವಸ್ಥೆ ಮಾಡುವುದು ಮೇಲು, ಏಕೆಂದರೆ ಬರುವ ಹಣ ಎಷ್ಟೆಂದು ಖಚಿತವಾಗಿ ತಿಳಿದಿದ್ದರೆ ಮಾತ್ರ ಸಂಸ್ಥೆಯವರು ಒಬ್ಬರನ್ನು ಧೈರ್ಯವಾಗಿ ಕೆಲಸಕ್ಕೆ ನೇಮಿಸಿಕೊಳ್ಳಬಲ್ಲರು.

ಹಣ ಕಳಿಸುವ ಮೊದಲು ಕೆಲವು ದಾಖಲೆಗಳನ್ನು ಕೇಳಿ ನೋಡಬೇಕು. ಒಳ್ಳೆಯ ಸಂಸ್ಥೆಯವರು ಇದಕ್ಕೆ ಬೇಸರಿಸುವುದಿಲ್ಲ. ಟ್ರಸ್ಟ್ ಅಥವಾ ಸೊಸೈಟಿಯ ನೋಂದಣಿ, ಆದಾಯ ತೆರಿಗೆ ಇಲಾಖೆಯ ನೋಂದಣಿ, ಇತ್ತೀಚಿನ ಲೆಕ್ಕಪರಿಶೋಧನಾ ವರದಿ, ಶಾಲೆಗೆ ಸಿಕ್ಕಿರುವ ಶಿಕ್ಷಣ ಇಲಾಖೆಯ ಮಾನ್ಯತೆ, ಆಸ್ಪತ್ರೆಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ನೋಂದಣಿ ಇಷ್ಟಿದ್ದರೆ ಸಾಕು. ವರದಿಯಲ್ಲಿ ಆಡಳಿತ ವೆಚ್ಚ ತೀರ ಕಡಿಮೆ ಇದ್ದರೆ ಹಿಗ್ಗುವುದು ಬೇಡ. ಲೆಕ್ಕ ಬರೆಯುವವರೇ ಇಲ್ಲದ ಸಂಸ್ಥೆ ಬಹುಕಾಲ ಬಾಳುವುದಿಲ್ಲ.

ದೇಣಿಗೆ ಕೊಟ್ಟವರಿಗೆ ಸಿಗುವ, 80ಜಿ ಎಂದೇ ಎಲ್ಲರಿಗೂ ಪರಿಚಿತವಾದ ತೆರಿಗೆ ವಿನಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆಯ್ದುಕೊಂಡವರಿಗೆ ಮಾತ್ರ ಸಿಗುತ್ತದೆ. 2,000 ರೂಪಾಯಿಗಿಂತ ಹೆಚ್ಚಿನ ಮೊತ್ತವನ್ನು ನಗದಾಗಿ ಕೊಟ್ಟರೆ ವಿನಾಯಿತಿ ಇಲ್ಲ. ಅಕ್ಕಿ, ಬಟ್ಟೆ, ಪುಸ್ತಕಗಳ ರೂಪದಲ್ಲಿ ಕೊಟ್ಟುದಕ್ಕೂ ಇಲ್ಲ. ರಸೀದಿಯೊಂದೇ ಸಾಲದು, ಸಂಸ್ಥೆಯು ಇಲಾಖೆಗೆ ವಿವರ ಸಲ್ಲಿಸಿ ಪಡೆದುಕೊಡುವ ಪ್ರಮಾಣಪತ್ರವೂ ಬೇಕು. ಹಾಗಾಗಿ ಹಣದೊಂದಿಗೆ ಪ್ಯಾನ್ ಸಂಖ್ಯೆ ಮತ್ತು ವಿಳಾಸವನ್ನು ಆಗಲೇ ತಿಳಿಸಿಬಿಡಿ.

ವಿದೇಶದಲ್ಲಿರುವ ಕನ್ನಡಿಗರು ಎಡವುವುದು ಇನ್ನೊಂದು ಕಡೆ. ಭಾರತದ ಪಾಸ್‌ಪೋರ್ಟನ್ನೇ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸುವ ಹಣವನ್ನು ಕಾನೂನು ವಿದೇಶಿ ದೇಣಿಗೆಯೆಂದು ಎಣಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು, ಕೈಯಲ್ಲಿ ಒಸಿಐ ಕಾರ್ಡ್ (ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಕಾರ್ಡ್) ಇದ್ದರೂ, ವಿದೇಶಿ ದಾನಿಗಳೇ. ಹೊರದೇಶದಲ್ಲಿ ನೋಂದಾಯಿತವಾದ ಕನ್ನಡ ಕೂಟವೂ ಅಷ್ಟೆ. ಅವರಿಂದ ಹಣ ಪಡೆಯಲು ಸಂಸ್ಥೆಗೆ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯಡಿ ಅನುಮತಿ ಇರಬೇಕು, ಮತ್ತು 2020ರ ತಿದ್ದುಪಡಿಯ ನಂತರ ಆ ಹಣ ಮೊದಲು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಸಂಸ್ಥೆಯ ಖಾತೆಗೇ ಬರಬೇಕು. ಅನುಮತಿಯುಳ್ಳ ಬೆಂಗಳೂರಿನ ದೊಡ್ಡ ಟ್ರಸ್ಟ್ ಒಂದಕ್ಕೆ ಕಳಿಸಿ ಅಲ್ಲಿಂದ ಹಳ್ಳಿಯ ಟ್ರಸ್ಟ್‌ಗೆ ದಾಟಿಸುವ ಹಳೆಯ ದಾರಿಯನ್ನೂ ಅದೇ ತಿದ್ದುಪಡಿ ಮುಚ್ಚಿದೆ. ಪುಟ್ಟ ಸಂಸ್ಥೆಯೊಂದನ್ನು ಉತ್ಸಾಹದ ಭರದಲ್ಲಿ ಕಾನೂನಿನ ತೊಡಕಿಗೆ ಸಿಕ್ಕಿಸುವುದಕ್ಕಿಂತ, ಮೊದಲೇ ಪತ್ರ ಬರೆದು ವಿಚಾರಿಸುವುದು ಲೇಸು.

ವಸ್ತುಗಳನ್ನು ಕೊಡುವುದಾದರೆ ಕೇಳಿಯೇ ಕೊಡಿ. ಮನೆಯಲ್ಲಿ ಉಳಿದ ಮಾತ್ರೆಗಳನ್ನು ಚೀಲದಲ್ಲಿ ತುಂಬಿ ಕಳಿಸುವ ರೂಢಿ ಸರ್ವಥಾ ಸಲ್ಲದು. ದಾನವಾಗಿ ಬರುವ ಔಷಧಿಗೆ ತಲುಪುವ ಹೊತ್ತಿಗೆ ಕನಿಷ್ಠ ಒಂದು ವರ್ಷದ ಅವಧಿ ಉಳಿದಿರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ; ಅವಧಿ ಮೀರಿದ್ದನ್ನು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ವಿಲೇವಾರಿ ಮಾಡುವ ಖರ್ಚು ಆಸ್ಪತ್ರೆಯ ತಲೆಯ ಮೇಲೇ ಬೀಳುತ್ತದೆ. ಪುಸ್ತಕಗಳ ವಿಷಯವೂ ಹೀಗೆಯೇ: ಕನ್ನಡ ಮಾಧ್ಯಮದಲ್ಲಿ ರಾಜ್ಯ ಪಠ್ಯಕ್ರಮ ಓದುವ ಮಕ್ಕಳಿಗೆ ನಗರದ ಕಪಾಟುಗಳಲ್ಲಿ ಧೂಳು ತಿಂದ ಇಂಗ್ಲಿಷ್ ವಿಶ್ವಕೋಶಗಳಿಂದ ಪ್ರಯೋಜನ ಕಡಿಮೆ.

ಸಮಯವನ್ನೇ ಕೊಡಬಯಸುವ ವೈದ್ಯರು ವರ್ಷಕ್ಕೊಂದು ದೊಡ್ಡ ಶಿಬಿರ ನಡೆಸುವುದಕ್ಕಿಂತ ತಿಂಗಳಿಗೊಂದು ಗೊತ್ತಾದ ದಿನ ಬರುವುದು ಒಳ್ಳೆಯದು. ಶಿಬಿರದಲ್ಲಿ ರಕ್ತದೊತ್ತಡ ಪತ್ತೆಯಾದವರಿಗೆ ಮುಂದಿನ ತಿಂಗಳ ಮಾತ್ರೆ ಕೊಡುವವರು ಯಾರೆಂಬ ಪ್ರಶ್ನೆಗೆ ಬ್ಯಾನರ್ ಕಟ್ಟಿದವರಲ್ಲಿ ಉತ್ತರವಿರುವುದಿಲ್ಲ. ವೈದ್ಯರಲ್ಲದವರೂ ಕೈಕಟ್ಟಿ ಕೂರಬೇಕಿಲ್ಲ. ಲೆಕ್ಕಪತ್ರ ನೋಡಿಕೊಡುವ ಚಾರ್ಟರ್ಡ್ ಅಕೌಂಟೆಂಟ್ ಒಬ್ಬರು ಹತ್ತು ಮಂದಿ ವಾರಾಂತ್ಯದ ಸ್ವಯಂಸೇವಕರಿಗೆ ಸಮ ಎಂಬುದು ನನ್ನ ಅಭಿಪ್ರಾಯ. ಭೇಟಿಗೆ ಹೋಗುವವರು ಪರೀಕ್ಷೆಯ ದಿನಗಳನ್ನು ಬಿಟ್ಟು, ಅರಣ್ಯ ತನಿಖಾ ಠಾಣೆಯಲ್ಲಿ ವಾಹನ ಬಿಡುವ ಸಮಯವನ್ನು ವಿಚಾರಿಸಿಕೊಂಡು ಹೊರಡಬೇಕು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೇಕು ಹಂಚುವುದನ್ನೂ, ರೋಗಿಗಳ ಮತ್ತು ಮಕ್ಕಳ ಮುಖ ಕಾಣುವ ಚಿತ್ರಗಳನ್ನು ಜಾಲತಾಣಗಳಲ್ಲಿ ಹಾಕುವುದನ್ನೂ ಬಿಟ್ಟುಬಿಡಿ.

ಸರ್ಕಾರ ಕೊಡಬೇಕಾದ್ದನ್ನು ದಾನಿಗಳ ಹಣದಿಂದ ಕೊಳ್ಳುವುದು ತರವಲ್ಲ. ಕ್ಷಯದ ಔಷಧಿ, ಮಕ್ಕಳ ಲಸಿಕೆ ಉಚಿತವಾಗಿ ಸಿಗುತ್ತವೆ. ಅರ್ಹ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಶಸ್ತ್ರಚಿಕಿತ್ಸೆಯೂ ಆಗುತ್ತದೆ. ಸರ್ಕಾರದೊಂದಿಗೆ ಸೇರಿ ನಡೆಯುವ ದಾರಿಯೂ ಇದೆ: ಬೆಟ್ಟದ ಬುಡದಲ್ಲಿರುವ ಯಳಂದೂರು ತಾಲ್ಲೂಕಿನ ಗುಂಬಳ್ಳಿ ಪ್ರಾಥಮಿಕ ಆರೋಗ್ಯ ಕೇಂದ್ರದ ನಿರ್ವಹಣೆಯನ್ನು ಕರುಣಾ ಟ್ರಸ್ಟ್ 1996ರಲ್ಲಿ ವಹಿಸಿಕೊಂಡಿತು. ಆದರೆ ಉಚಿತ ಶಸ್ತ್ರಚಿಕಿತ್ಸೆಗೆಂದು ಮೈಸೂರಿಗೆ ಹೋಗುವ ರೋಗಿಯ ಜೊತೆಯವರ ಬಸ್ ಚಾರ್ಜು, ಊಟ, ತಪ್ಪಿಹೋದ ಕೂಲಿ ಇವನ್ನು ಯಾವ ಯೋಜನೆಯೂ ಪೂರ್ತಿಯಾಗಿ ತುಂಬಿಕೊಡುವುದಿಲ್ಲ. ಇದಕ್ಕೆಂದು ಆಸ್ಪತ್ರೆಯಲ್ಲಿ ಪುಟ್ಟದೊಂದು ನಿಧಿ ಇಡಿಸಿದರೆ ಚಿಕಿತ್ಸೆಗೆ ಹೋಗದೆ ಉಳಿಯುವವರ ಸಂಖ್ಯೆ ಇಳಿಯುತ್ತದೆ. ಶಾಲೆಯ ಕಡೆಯಿಂದ ನೋಡಿದರೆ, ಹೆಗ್ಗಡದೇವನಕೋಟೆಯ ಹಾಡಿಗಳಿಂದ ಕಾಫಿ ಕೊಯ್ಲಿಗೆ ಕೊಡಗಿಗೆ ಹೋಗುವ ತಂದೆತಾಯಿಗಳು ಮಕ್ಕಳನ್ನೂ ಕರೆದೊಯ್ಯುವುದುಂಟು; ಆ ಕೆಲವು ತಿಂಗಳು ಮಕ್ಕಳನ್ನು ಹಾಸ್ಟೆಲಿನಲ್ಲಿ ಉಳಿಸಿಕೊಳ್ಳುವ ಊಟದ ಖರ್ಚು ಇದೇ ಜಾತಿಯದು.

ಕೊಟ್ಟ ಮೇಲೆ ವರ್ಷಕ್ಕೊಂದು ವರದಿ ಕೇಳಿದರೆ ಸಾಕು. ಪುಸ್ತಕಕ್ಕೆಂದು ಕೊಟ್ಟ ಹಣ ಜೀಪಿನ ಟೈರಿಗೆ ಬೇಕಾಯಿತೆಂದು ಅವರು ಮೊದಲೇ ತಿಳಿಸಿ ಒಪ್ಪಿಗೆ ಕೇಳಿದರೆ ಒಪ್ಪಿಕೊಳ್ಳಿ. ನೆರವನ್ನು ನಿಲ್ಲಿಸಬೇಕಾಗಿ ಬಂದಾಗ ಡಿಸೆಂಬರ್‌ನೊಳಗೆ ತಿಳಿಸಿಬಿಡಿ; ಮುಂದಿನ ಶೈಕ್ಷಣಿಕ ವರ್ಷದ ಶಿಕ್ಷಕರ ನೇಮಕವೂ ಹಾಸ್ಟೆಲಿನ ದಾಖಲಾತಿಯೂ ತೀರ್ಮಾನವಾಗುವ ಮೊದಲು ಬೇರೆ ದಾನಿಯನ್ನು ಹುಡುಕಲು ಅವರಿಗೆ ಅಷ್ಟಾದರೂ ಕಾಲಾವಕಾಶ ಬೇಕು.